ಕಡಲಿಲ್ಲದ ಸೀಮೆಯ ಜಲವಿಹಾರ: ಕೊಡೈಕೆನಾಲ್ ಮತ್ತು ಪೆರಿಯಾರ್ ಸರೋವರಗಳು

ತಮಿಳುನಾಡಿನ ದಿಂಡಿಗಲ್ ಮತ್ತು ತೇನಿ ಜಿಲ್ಲೆಗಳಿಗೆ ಕಡಲತೀರವಿಲ್ಲ. ಆದರೂ ನೀರಿನ ಮೇಲೆ ಹೊತ್ತು ಕಳೆಯುವುದಕ್ಕೆಂದೇ ದಕ್ಷಿಣ ಭಾರತದ ಜನ ಹುಡುಕಿಕೊಂಡು ಬರುವ ಎರಡು ಸರೋವರಗಳು ಈ ಸೀಮೆಯಲ್ಲಿವೆ. ಒಂದು, ದಿಂಡಿಗಲ್ ಜಿಲ್ಲೆಯ ಪಳನಿ ಬೆಟ್ಟಗಳ ಮೇಲಿರುವ ಕೊಡೈಕೆನಾಲ್ ಸರೋವರ. ಇನ್ನೊಂದು, ತೇನಿ ಜಿಲ್ಲೆಯ ಕಂಬಂ ಕಣಿವೆಯ ನೆತ್ತಿಯ ಮೇಲೆ, ಕೇರಳದ ಗಡಿಯೊಳಗೆ ಹರಡಿಕೊಂಡಿರುವ ಪೆರಿಯಾರ್ ಜಲಾಶಯ. ಎರಡೂ ಮನುಷ್ಯರು ಕಟ್ಟಿದವು. ಮೊದಲನೆಯದನ್ನು ಕಟ್ಟಿದ್ದು ಬೆಟ್ಟದ ಊರಿನ ಅಂದಕ್ಕೆ, ವಿಹಾರಕ್ಕೆ. ಎರಡನೆಯದನ್ನು ಕಟ್ಟಿದ್ದು ಬರದಲ್ಲಿ ಬೆಂದ ಮದುರೆ ಸೀಮೆಯ ಹೊಲಗಳಿಗೆ. ವಿಹಾರ ಅಲ್ಲಿಗೆ ಆಮೇಲೆ ಬಂತು. ಈ ಎರಡು ನೀರುಗಳ ಮೇಲಿನ ದೋಣಿಪಯಣವನ್ನು ಅರಿಯಲು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ವಿಹಾರಕ್ಕಾಗಿ ನೀರಿನ ಮೇಲೆ ಹೋಗುವ ರೂಢಿಗೆ ಜಗತ್ತಿನಲ್ಲೂ ಬಹಳ ಹಳೆಯ ಇತಿಹಾಸವಿಲ್ಲ. ಬ್ರಿಟನ್ನಿನ ಪಿ ಅಂಡ್ ಒ ಹಡಗು ಕಂಪನಿ 1844ರಲ್ಲಿ ಮೆಡಿಟರೇನಿಯನ್ ಕಡಲಿಗೆ ವಿಹಾರದ ಪಯಣಗಳನ್ನು ಹೊರಡಿಸಿತು. ಕಾದಂಬರಿಕಾರ ಥ್ಯಾಕರೆ ಅದರಲ್ಲಿ ಹೋಗಿಬಂದು ಪುಸ್ತಕ ಬರೆದ. 1891ರಲ್ಲಿ ಜರ್ಮನಿಯ ಆಲ್ಬರ್ಟ್ ಬಾಲಿನ್ ಚಳಿಗಾಲದಲ್ಲಿ ಪ್ರಯಾಣಿಕರು ಸಿಗದ ಅಟ್ಲಾಂಟಿಕ್ ಹಡಗೊಂದನ್ನು ದಕ್ಷಿಣದ ಬೆಚ್ಚನೆಯ ನೀರಿಗೆ ವಿಹಾರಕ್ಕೆ ಕಳಿಸಿದ. 1900ರಲ್ಲಿ ವಿಹಾರಕ್ಕೆಂದೇ ಕಟ್ಟಿದ 'ಪ್ರಿನ್ಸೆಸ್ಸಿನ್ ವಿಕ್ಟೋರಿಯಾ ಲೂಯಿಸೆ' ನೀರಿಗಿಳಿಯಿತು. ಇಂಥ ಹಡಗುಗಳಲ್ಲಿ ಯಾವ ಬಂದರನ್ನೂ ಮುಟ್ಟದೆ ಸಾಗುವ ದಿನಗಳೇ ಪಯಣದ ತಿರುಳು. ಇಳಿಯಬೇಕಾದ ಊರಿಲ್ಲ, ಹಿಡಿಯಬೇಕಾದ ಬಸ್ಸಿಲ್ಲ. ಊಟದ ಗಂಟೆ, ಡೆಕ್ಕಿನ ಮೇಲೆ ನಾಲ್ಕು ಸುತ್ತು, ಒಂದಿಷ್ಟು ಓದು, ಇಸ್ಪೀಟು, ಹರಟೆ; ಅಷ್ಟರಲ್ಲಿ ಹಗಲು ಮುಗಿಯುತ್ತದೆ.

ಕನ್ನಡಿಗರಿಗೆ ಈ ಅನುಭವ ಹೊಸದಲ್ಲ. ವಿ.ಕೃ. ಗೋಕಾಕರ 'ಸಮುದ್ರ ಗೀತೆಗಳು' 1930ರ ದಶಕದಲ್ಲಿ ಅವರು ಓದಲು ಇಂಗ್ಲೆಂಡಿಗೆ ಹೋದ ಹಡಗುಪಯಣದ ಫಲ. ಈಗ ಮಳೆಗಾಲ ಮುಗಿದ ಮೇಲೆ ನವಮಂಗಳೂರು ಬಂದರಿಗೆ ವಿದೇಶಿ ವಿಹಾರ ಹಡಗುಗಳು ಬರುತ್ತವೆ. ಪ್ರಯಾಣಿಕರು ಕದ್ರಿ, ಮೂಡುಬಿದಿರೆ ನೋಡಿಕೊಂಡು ಸಂಜೆಗೆ ಹಡಗು ಹತ್ತುತ್ತಾರೆ. 2021ರಿಂದ ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಹಡಗಿನಲ್ಲಿ ಮಧ್ಯಮ ವರ್ಗದ ಕುಟುಂಬಗಳೂ ಕಾಣಸಿಗುತ್ತವೆ. ಆದರೆ ಬಹುಪಾಲು ಮನೆಗಳಿಗೆ ಜಲವಿಹಾರವೆಂದರೆ ಇಂದಿಗೂ ಕೆರೆಯ ದೋಣಿಯೇ, ಮತ್ತು ಆ ಕೆರೆ ಬಹಳ ಸಲ ಕೊಡೈಕೆನಾಲಿನದು ಅಥವಾ ಪೆರಿಯಾರ್ ಜಲಾಶಯದ ದೋಣಿಕಟ್ಟೆಯಾದ ತೇಕ್ಕಡಿಯದು.

ಕೊಡೈಕೆನಾಲಿಗೆ ಕಡಲಿನ ನಂಟು ಒಂದು ಬಗೆಯಲ್ಲಿ ಹುಟ್ಟಿನಿಂದಲೇ ಇದೆ. 19ನೆಯ ಶತಮಾನದಲ್ಲಿ ಕಾಯಿಲೆಬಿದ್ದ ಐರೋಪ್ಯರಿಗೆ ವೈದ್ಯರು ಬರೆದುಕೊಡುತ್ತಿದ್ದ ಮದ್ದುಗಳಲ್ಲಿ ಕಡಲಪಯಣವೂ ಒಂದು. 1834ರಲ್ಲಿ ಮದುರೆಯಲ್ಲಿ ನೆಲೆಯಾದ ಅಮೆರಿಕದ ಮಿಷನರಿಗಳಿಗೆ ಅದು ಸುಲಭದ ಮದ್ದಾಗಿರಲಿಲ್ಲ. ಹಾಯಿಹಡಗಿನಲ್ಲಿ ಅಮೆರಿಕದಿಂದ ಇಲ್ಲಿಗೆ ಬರಲು ನಾಲ್ಕು ತಿಂಗಳು ಹಿಡಿಯುತ್ತಿತ್ತು, ಮರಳಲು ಮತ್ತೆ ಅಷ್ಟೇ. ಬಯಲಿನ ಜ್ವರಕ್ಕೆ, ಕಾಲರಾಕ್ಕೆ ಅವರಲ್ಲಿ ಹಲವರು ಬಲಿಯಾದರು. ದಿಂಡಿಗಲ್ ಪಕ್ಕದ ಸಿರುಮಲೈ ಬೆಟ್ಟದಲ್ಲಿ ಆರೋಗ್ಯಧಾಮ ಮಾಡಿ ನೋಡಿದರು; ಅಲ್ಲೂ ಮಲೇರಿಯಾ ಬಿಡಲಿಲ್ಲ. ಕೊನೆಗೆ ಲೆಫ್ಟಿನೆಂಟ್ ಬಿ.ಎಸ್. ವಾರ್ಡ್ 1821ರಲ್ಲಿ ಸರ್ವೆ ಮಾಡಿ ಬಂದಿದ್ದ ಪಳನಿ ಬೆಟ್ಟದ ಮೇಲೆ 1845ರಲ್ಲಿ ಎರಡು ಬಂಗಲೆ ಕಟ್ಟಿಕೊಂಡರು: ಸನ್ನಿಸೈಡ್ ಮತ್ತು ಶೆಲ್ಟನ್. ಕೊಡೈಕೆನಾಲ್ ಊರಿನ ಮೊದಲು ಅಲ್ಲಿಂದ. ಕಡಲು ದಾಟಿ ಮನೆಗೆ ಹೋಗಲಾಗದವರು ಪೆರಿಯಕುಳಂ ಕಡೆಯ ಕಾಲುದಾರಿಯಲ್ಲಿ ಡೋಲಿ, ಕುರ್ಚಿಗಳಲ್ಲಿ ಹೊರಿಸಿಕೊಂಡು ಬೆಟ್ಟ ಹತ್ತಿದರು. ಹೊತ್ತವರ ಹೆಸರು ಉಳಿದಂತಿಲ್ಲ.

ಊರಿಗೆ ಸರೋವರ ಬಂದದ್ದು 1863ರಲ್ಲಿ. ಮದುರೆಯ ಕಲೆಕ್ಟರ್ ಆಗಿದ್ದ, ನಿವೃತ್ತರಾದ ಮೇಲೆ ಕೊಡೈಕೆನಾಲಿನಲ್ಲೇ ನೆಲೆಸಿದ ಸರ್ ವೆರ್ ಹೆನ್ರಿ ಲೆವಿಂಜ್ ಜೌಗುನೆಲದ ಹಳ್ಳಕ್ಕೆ ತಮ್ಮ ಸ್ವಂತ ಖರ್ಚಿನಲ್ಲಿ ಒಡ್ಡು ಕಟ್ಟಿಸಿದರು. ಬೆಟ್ಟದ ಹಲವು ದಿಬ್ಬಗಳ ನಡುವಿನ ತಗ್ಗುಗಳಲ್ಲಿ ನೀರು ನುಗ್ಗಿ ನಿಂತಿತು. ಆದ್ದರಿಂದಲೇ ಸರೋವರಕ್ಕೆ ನಕ್ಷತ್ರದಂಥ ಕೈಕಾಲುಗಳ ಆಕಾರ. ವಿಸ್ತಾರ ಸುಮಾರು 60 ಎಕರೆ, ಸುತ್ತಳತೆ ಸುಮಾರು 5 ಕಿಲೋಮೀಟರ್. ಮೊದಲ ದೋಣಿಯನ್ನು ಲೆವಿಂಜ್ ತರಿಸಿದ್ದು ತೂತ್ತುಕುಡಿಯಿಂದ. ಘಾಟಿ ರಸ್ತೆಯೇ ಇಲ್ಲದ ಕಾಲದಲ್ಲಿ ಮನ್ನಾರ್ ಕೊಲ್ಲಿಯ ಬಂದರಿನ ದೋಣಿಯೊಂದು ಎರಡು ಸಾವಿರ ಮೀಟರಿಗೂ ಮಿಕ್ಕಿ ಬೆಟ್ಟ ಹತ್ತಿ ಸಿಹಿನೀರಿಗೆ ಇಳಿಯಿತು. 1890ರಲ್ಲಿ ಬೋಟ್ ಕ್ಲಬ್ ಆಯಿತು, 1910ರಲ್ಲಿ ಅದಕ್ಕೆ ಹೊಸ ದೋಣಿಮನೆ ಬಂತು. ಮೊದಮೊದಲು ಇದು ಬಿಳಿಯರ ಲೋಕ. ಅವರ ಮಕ್ಕಳಿಗಾಗಿ 1901ರಲ್ಲಿ ಸರೋವರದ ಬಳಿಯೇ ತೆರೆದ ಶಾಲೆ ಈಗ ಕೊಡೈಕೆನಾಲ್ ಇಂಟರ್‌ನ್ಯಾಷನಲ್ ಸ್ಕೂಲ್ ಆಗಿದೆ.

ಇವತ್ತು ಬೋಟ್ ಕ್ಲಬ್ಬಿನದಲ್ಲದೆ ತಮಿಳುನಾಡು ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ದೋಣಿಗಳೂ ಇವೆ. ಕಾಲಿನಲ್ಲಿ ತುಳಿಯುವವು, ಹುಟ್ಟು ಹಾಕುವವು, ಮೇಲ್ಛಾವಣಿಯ ಶಿಕಾರಾ. ಏಪ್ರಿಲ್‌ನಿಂದ ಜೂನ್‌ವರೆಗೆ ಜನಜಂಗುಳಿ. ಮೇ ತಿಂಗಳ ಬೇಸಿಗೆ ಹಬ್ಬದಲ್ಲಿ ಬ್ರಯಂಟ್ ಉದ್ಯಾನದ ಹೂವಿನ ಪ್ರದರ್ಶನದ ಜೊತೆಗೆ ಅಲಂಕರಿಸಿದ ದೋಣಿಗಳ ಮೆರವಣಿಗೆಯೂ ನಡೆಯುತ್ತದೆ. ಆದರೆ ಈ ಸರೋವರದ ನಿಜವಾದ ಹೊತ್ತು ಅದಲ್ಲ. ಹಬ್ಬ ಮುಗಿದು ಜನ ಇಳಿದುಹೋದ ಮೇಲಿನ ಒಂದು ಬೆಳಗ್ಗೆ, ಹುಟ್ಟಿನ ದೋಣಿಯಲ್ಲಿ, ನಕ್ಷತ್ರದ ಯಾವುದೋ ಒಂದು ಕೈಯೊಳಗೆ ತಿರುಗಿಕೊಂಡರೆ ದಡದ ಕುದುರೆಗಳ ಗೊರಸಿನ ಸದ್ದೂ ಸೈಕಲ್ ಗಂಟೆಯೂ ಹಿಂದೆ ಉಳಿಯುತ್ತವೆ. ಮಂಜು ನೀರಿನ ಮೇಲೆಯೇ ಹರಿದು ಬಂದು ದೋಣಿಯ ಮೂತಿಯನ್ನು ಮುಚ್ಚುತ್ತದೆ. ಹುಟ್ಟು ಎತ್ತಿದಾಗ ಅದರ ಅಲಗಿನಿಂದ ತೊಟ್ಟಿಕ್ಕುವ ನೀರು ಒಂದೊಂದೇ ಉಂಗುರ ಬಿಡಿಸುತ್ತದೆ. ಹತ್ತು ಹದಿನೈದು ನಿಮಿಷ ಆಚೆ ದಡ ಇದೆಯೋ ಇಲ್ಲವೋ ತಿಳಿಯದೆ ಕೂತಿರಬೇಕಾಗುತ್ತದೆ. ಹಡಗಿನವರು ಹೇಳುವ ಬಂದರಿಲ್ಲದ ದಿನದ ಸುಖ ಅಷ್ಟರಲ್ಲೇ ಸಿಕ್ಕಿಬಿಡುತ್ತದೆ.

ಸರೋವರ ಈಗ ಸುಖವಾಗಿಲ್ಲ. ಸುತ್ತಲಿನ ಹೋಟೆಲು, ಮನೆಗಳ ಕೊಳೆ ಸೇರಿ ನೀರು ಕೆಟ್ಟಿತು, ಕಳೆ ಹಬ್ಬಿತು. 2007ರಲ್ಲಿ ಅದನ್ನು ರಾಷ್ಟ್ರೀಯ ಸರೋವರ ಸಂರಕ್ಷಣಾ ಯೋಜನೆಗೆ ಸೇರಿಸಬೇಕಾಯಿತು. ವಾಹನಗಳ ದಟ್ಟಣೆ ಮಿತಿಮೀರಿದ್ದರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಕೊಡೈಕೆನಾಲಿಗೆ ಇ-ಪಾಸ್ ಕಡ್ಡಾಯವಾಗಿದೆ. ಈ ನೀರು ಊರಿನ ಕಣ್ಣಿಗೆ ಮಾತ್ರ ಸೇರಿದ್ದೂ ಅಲ್ಲ. ಸರೋವರದಿಂದ ಹೊರಬೀಳುವ ನೀರೇ ಘಾಟಿಯಲ್ಲಿ ಸಿಲ್ವರ್ ಕ್ಯಾಸ್ಕೇಡ್ ಜಲಪಾತವಾಗಿ ಇಳಿಯುತ್ತದೆ. ಮೇಲಿನ ಕೊಳೆ ಮೇಲೆಯೇ ಉಳಿಯುವುದಿಲ್ಲ.

ಪಳನಿ ಬೆಟ್ಟದಲ್ಲಿ ಇನ್ನೂ ಎರಡು ಜಲರಾಶಿಗಳನ್ನು ಹೆಸರಿಸಬೇಕು. ಅರಣ್ಯ ಇಲಾಖೆಯ ಪರವಾನಗಿ ಪಡೆದು ನೋಡಬೇಕಾದ ಬೇರಿಜಂ ಕೆರೆ ತೇನಿ ಜಿಲ್ಲೆಯ ಪೆರಿಯಕುಳಂ ಪಟ್ಟಣಕ್ಕೆ ಕುಡಿಯುವ ನೀರು ಕೊಡುತ್ತದೆ. ಅಲ್ಲಿ ದೋಣಿ ಇಳಿಸುವುದಿಲ್ಲ, ಇಳಿಸಲೂಬಾರದು. ಮನ್ನವನೂರಿನಲ್ಲಿ ಹುಲ್ಲುಗಾವಲಿನ ನಡುವಿನ ಕೆರೆಯಲ್ಲಿ ಹರಿಗೋಲು ಇದೆ. ಹಂಪಿ, ಹೊಗೇನಕಲ್ ಕಂಡ ಕನ್ನಡಿಗರಿಗೆ ಅದು ಪರಿಚಿತ ವಾಹನ.

ಬಯಲಿನ ದಿಂಡಿಗಲ್ಲಿಗೂ ಹಡಗಿನ ಗುರುತಿತ್ತು. 1875ರಲ್ಲಿ ಮದುರೆಗೆ, ಮರುವರ್ಷ ತೂತ್ತುಕುಡಿಗೆ ರೈಲು ಬಂದಾಗ ದಿಂಡಿಗಲ್ ಆ ಹಾದಿಯ ನಿಲ್ದಾಣವಾಯಿತು. ಮದ್ರಾಸಿನಿಂದ ಕೊಲಂಬೋಗೆ ಹೋಗುವವರು ಈ ಹಾದಿಯಲ್ಲೇ ತೂತ್ತುಕುಡಿಗೆ ಹೋಗಿ ಹಡಗು ಹತ್ತುತ್ತಿದ್ದರು. 1914ರಲ್ಲಿ ಧನುಷ್ಕೋಡಿ ಮತ್ತು ತಲೈಮನ್ನಾರ್ ನಡುವೆ ಹಡಗು ಶುರುವಾದ ಮೇಲೆ ಹಾದಿ ಆ ಕಡೆಗೆ ತಿರುಗಿತು. ರೈಲಿಗೆ ಬೋಟ್ ಮೇಲ್ ಎಂದೇ ಹೆಸರು. ಅದರಲ್ಲಿ ಹೋದವರಲ್ಲಿ ವಿಹಾರಿಗಳಿಗಿಂತ ಸಿಂಹಳದ ತೋಟಗಳಿಗೆ ಕೂಲಿಗೆ ಹೊರಟವರೇ ಹೆಚ್ಚು. ಅವರ ಪಾಲಿಗೆ ಕಡಲು ದಾಟಿ ಮುಗಿಸಬೇಕಾದ ಅಂತರ ಮಾತ್ರ.

ಇನ್ನು ಪೆರಿಯಾರ್. ದಿಂಡಿಗಲ್ಲಿನಿಂದ ತೇನಿ, ಚಿನ್ನಮನೂರು, ಉತ್ತಮಪಾಳಯಂ, ಕಂಬಂ, ಗೂಡಲೂರುಗಳ ಮೇಲೆ ಹಾದು ಬರುವ ರಸ್ತೆ ಲೋಯರ್ ಕ್ಯಾಂಪ್ ಎಂಬಲ್ಲಿ ಬೆಟ್ಟದ ಬುಡ ಮುಟ್ಟುತ್ತದೆ. ಅಲ್ಲಿಂದ ಘಾಟಿ ಹತ್ತಿದರೆ ಕುಮಳಿ. ಕುಮಳಿ ಕೇರಳ. ಅಲ್ಲಿಂದ ಸ್ವಲ್ಪ ದೂರದಲ್ಲೇ ತೇಕ್ಕಡಿಯ ದೋಣಿಕಟ್ಟೆ. ಪೆರಿಯಾರ್ ನದಿ ಹರಿಯುವುದು ಪಡುವಣಕ್ಕೆ, ಅರಬ್ಬೀ ಕಡಲಿಗೆ. ಬೆಟ್ಟದ ಮೂಡಣಕ್ಕೆ ಮಳೆನೆರಳಿನ ಮದುರೆ ಸೀಮೆ. ಪಡುವಣದ ನೀರನ್ನು ಮೂಡಣಕ್ಕೆ ತಿರುಗಿಸುವ ಯೋಚನೆ 18ನೆಯ ಶತಮಾನದ ಕೊನೆಯಲ್ಲೇ ರಾಮನಾಡಿನ ಪ್ರಧಾನಿ ಮುತ್ತಿರುಳಪ್ಪ ಪಿಳ್ಳೈ ಅವರಿಗೆ ಹೊಳೆದಿತ್ತು. 1808ರಲ್ಲಿ ಕ್ಯಾಪ್ಟನ್ ಕಾಲ್ಡ್‌ವೆಲ್ ಬಂದು ನೋಡಿ ಇದು ಬರೀ ಕನಸು ಎಂದು ವರದಿ ಕೊಟ್ಟ. 1850ರಲ್ಲಿ ಕೈಹಚ್ಚಿದ ಸಣ್ಣ ಕಟ್ಟೆಯ ಕೆಲಸ ಕಾಡಿನ ಜ್ವರಕ್ಕೆ ನಿಂತಿತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಜನ ಸತ್ತ ಮೇಲೆಯೇ ಸರಕಾರ ಮನಸ್ಸು ಗಟ್ಟಿ ಮಾಡಿದ್ದು.

1886ರ ಅಕ್ಟೋಬರ್ 29ರಂದು ತಿರುವಾಂಕೂರು ಸಂಸ್ಥಾನ 8,000 ಎಕರೆ ಕಾಡನ್ನು 999 ವರ್ಷಗಳ ಗುತ್ತಿಗೆಗೆ ಬಿಟ್ಟುಕೊಟ್ಟಿತು. ಎಕರೆಗೆ ವರ್ಷಕ್ಕೆ 5 ರೂಪಾಯಿಯಂತೆ ಬಾಡಿಗೆ. ಮರುವರ್ಷ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಕೆಲಸ ಶುರುಮಾಡಿದರು. ಸುಣ್ಣ ಮತ್ತು ಸುರ್ಖಿಯ (ಇಟ್ಟಿಗೆಪುಡಿಯ) ಕಾಂಕ್ರೀಟಿನಲ್ಲಿ ಎದ್ದ ಅಣೆಕಟ್ಟಿನ ಎತ್ತರ 176 ಅಡಿ, ಉದ್ದ 1,200 ಅಡಿ. ಮಳೆಗಾಲದ ಪ್ರವಾಹ ಕಟ್ಟಿದ್ದನ್ನು ಕೊಚ್ಚಿಕೊಂಡು ಹೋದದ್ದುಂಟು. ಮಲೇರಿಯಾ, ಕಾಲರಾಗಳಿಗೆ ನೂರಾರು ಕೆಲಸಗಾರರು ಸತ್ತರು. ಸಾಮಾನನ್ನು ಕಂಬಂ ಕಡೆಯ ಬುಡದಿಂದ ತಂತಿಹಗ್ಗದ ದಾರಿಯಲ್ಲಿ ಬೆಟ್ಟಕ್ಕೆ ಏರಿಸಿ, ಅಲ್ಲಿಂದ ಮುಂದೆ ಕಾಲುವೆಯಲ್ಲಿ ದೋಣಿಗಳ ಮೇಲೆ ಸಾಗಿಸುತ್ತಿದ್ದರು. ಹೀಗೆ ಪೆರಿಯಾರಿನ ಮೊದಲ ದೋಣಿಗಳು ಹೊತ್ತದ್ದು ಪ್ರವಾಸಿಗರನ್ನಲ್ಲ, ಸುಣ್ಣದ ಮೂಟೆಗಳನ್ನು. 1895ರ ಅಕ್ಟೋಬರ್ 10ರಂದು ಮದ್ರಾಸಿನ ಗವರ್ನರ್ ಲಾರ್ಡ್ ವೆನ್‌ಲಾಕ್ ಯೋಜನೆಯನ್ನು ಉದ್ಘಾಟಿಸಿದರು.

ನೀರು ಏರಿದಾಗ ಕಾಡು ನಿಂತಲ್ಲೇ ಮುಳುಗಿತು. ಅಂದು ಮುಳುಗಿದ ಮರಗಳ ಕಪ್ಪು ಬೊಡ್ಡೆಗಳು ಇಂದಿಗೂ ನೀರಿನಿಂದ ತಲೆಯೆತ್ತಿ ನಿಂತಿವೆ. ನೂರಿಪ್ಪತ್ತು ವರ್ಷ ಮೀರಿದರೂ ಕೊಳೆತು ಮುಗಿದಿಲ್ಲ. ತೇಕ್ಕಡಿಯ ಯಾನದ ಮೊದಲ ಸೋಜಿಗ ಆನೆಯಲ್ಲ, ಈ ಬೊಡ್ಡೆಗಳು. ದೋಣಿ ಅವುಗಳ ನಡುವೆ ಮೆಲ್ಲಗೆ ಸಾಗುತ್ತದೆ. ಒಂದರ ತುದಿಯಲ್ಲಿ ಹಾವಕ್ಕಿ ಕೂತಿರುತ್ತದೆ. ಈಗಷ್ಟೇ ಮುಳುಗಿ ಎದ್ದು ಬಂದದ್ದು, ಎರಡೂ ರೆಕ್ಕೆ ಬಿಡಿಸಿ ಬಿಸಿಲಿಗೆ ಒಡ್ಡಿರುತ್ತದೆ. ರೆಕ್ಕೆಯ ಮೇಲಿನ ಬೆಳ್ಳಿಗೆರೆಗಳು ಒಂದೊಂದಾಗಿ ಎಣಿಸುವಷ್ಟು ಹತ್ತಿರ. ಎಂಜಿನ್ ಸದ್ದಿಗೆ ಅದು ಕುತ್ತಿಗೆ ಹೊರಳಿಸಿ ಒಮ್ಮೆ ನೋಡುತ್ತದೆ, ಹಾರುವುದಿಲ್ಲ. ಪಕ್ಕದ ಬೊಡ್ಡೆಯ ಕವಲಿನಲ್ಲಿ ನೀರುಕಾಗೆಯ ಗೂಡು. ಸುತ್ತ ನೀರಿದ್ದು ಕಾಡಿನ ಶತ್ರುಗಳು ಸುಲಭಕ್ಕೆ ಮುಟ್ಟಲಾಗದ ಜಾಗ ಅದು.

ಸರೋವರದ ಹರವು ಸುಮಾರು 26 ಚದರ ಕಿಲೋಮೀಟರ್. ಸುತ್ತಲಿನ ಕಾಡು 1934ರಲ್ಲಿ ತಿರುವಾಂಕೂರು ಅರಸರ ಕಾಲದಲ್ಲಿ ಅಭಯಾರಣ್ಯವಾಯಿತು, 1978ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅರಸರು ಸರೋವರದ ನಡುವೆ ಚಾಚಿದ ಎಡಪ್ಪಾಳಯದಲ್ಲಿ ಬೇಸಿಗೆಯ ಅರಮನೆ ಕಟ್ಟಿಸಿಕೊಂಡಿದ್ದರು. ಈಗ ಅದು ಲೇಕ್ ಪ್ಯಾಲೇಸ್ ಎಂಬ ಹೋಟೆಲು. ಸಾಮಾನ್ಯ ಪ್ರವಾಸಿಗರಿಗೆ ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಮತ್ತು ಅರಣ್ಯ ಇಲಾಖೆಯ ದೋಣಿಗಳಿವೆ. ಒಂದೊಂದು ಯಾನ ಸುಮಾರು ಒಂದೂವರೆ ಗಂಟೆ. ದಿನದ ಮೊದಲ ದೋಣಿ ಮತ್ತು ಕೊನೆಯ ದೋಣಿ, ಇವೆರಡೇ ಲೇಸು. ನಡುಹಗಲಿನಲ್ಲಿ ಪ್ರಾಣಿಗಳು ನೆರಳು ಬಿಟ್ಟು ಬರುವುದಿಲ್ಲ. ಆನೆ, ಕಾಟಿ, ಕಡವೆ, ಕಾಡುಹಂದಿ, ನೀರುನಾಯಿಗಳು ಕಾಣಬಹುದು. ಹುಲಿಯ ಆಸೆ ಇಟ್ಟುಕೊಂಡು ಹೋಗಬಾರದು. ಇನ್ನೂ ನಿಧಾನ ಬೇಕೆನ್ನುವವರಿಗೆ ಬಿದಿರಿನ ತೆಪ್ಪವಿದೆ: ಬೆಳಗ್ಗೆ ಹೊರಟು ಕಾಡಿನಲ್ಲಿ ನಡೆದು, ತೆಪ್ಪದಲ್ಲಿ ತೇಲಿ, ಸಂಜೆಗೆ ಮರಳುವುದು. ಒಂದು ಕಾಲಕ್ಕೆ ಇದೇ ಕಾಡಿನಲ್ಲಿ ಕದ್ದು ದಾಲ್ಚಿನ್ನಿ ತೊಗಟೆ ಸುಲಿಯುತ್ತಿದ್ದವರನ್ನು 1990ರ ದಶಕದಲ್ಲಿ ಅರಣ್ಯ ಇಲಾಖೆ ಕಾವಲಿಗೂ ದಾರಿ ತೋರುವ ಕೆಲಸಕ್ಕೂ ಸೇರಿಸಿಕೊಂಡಿತು. ಮನ್ನಾನ್, ಪಳಿಯನ್ ಬುಡಕಟ್ಟುಗಳವರೂ ಮಾರ್ಗದರ್ಶಕರಾಗಿದ್ದಾರೆ. ಎಂಜಿನ್ ದೋಣಿಗಿಂತ ಈ ತೆಪ್ಪದ ಪಯಣ ಎಲ್ಲ ರೀತಿಯಲ್ಲೂ ಮೇಲು. ಸದ್ದಿಲ್ಲ, ಜನ ಕಡಿಮೆ, ಜೊತೆಗಿರುವವರಿಗೆ ಕಾಡು ಗೊತ್ತು.

2009ರ ಸೆಪ್ಟೆಂಬರ್ 30ರ ಸಂಜೆ 'ಜಲಕನ್ಯಕ' ಎಂಬ ಎರಡಂತಸ್ತಿನ ದೋಣಿ ಇಲ್ಲಿ ಮಗುಚಿ 45 ಜನ ಸತ್ತರು. ಬಹುಪಾಲು ಹೊರರಾಜ್ಯಗಳಿಂದ ಬಂದ ಪ್ರವಾಸಿಗರು. ಪ್ರಾಣಿ ನೋಡಲು ಜನ ಒಂದೇ ಬದಿಗೆ ನೆರೆದದ್ದು, ಮಿತಿಮೀರಿದ ಭಾರ, ದೋಣಿಯ ಸಮತೋಲದ ದೋಷ ಇವೆಲ್ಲ ಚರ್ಚೆಗೆ ಬಂದವು. ಆಮೇಲೆ ಜೀವರಕ್ಷಕ ಕವಚ ಕಡ್ಡಾಯವಾಯಿತು, ಯಾನದ ನಡುವೆ ಎದ್ದು ಓಡಾಡುವುದಕ್ಕೆ ತಡೆ ಬಿತ್ತು. ಫೋಟೋಗೆ ಅಡ್ಡ ಎಂದು ಆ ಕವಚವನ್ನು ಸಡಿಲಿಸಿಕೊಳ್ಳುವವರು ಇಂದಿಗೂ ಇದ್ದಾರೆ. ಅದು ದೊಡ್ಡ ತಪ್ಪು. ಶಾಂತವಾಗಿ ಕಾಣುವ ಈ ನೀರು ಬಹಳ ಆಳ, ಅಡಿಯಲ್ಲಿ ಮರದ ಬೊಡ್ಡೆಗಳು.

ಕಡಲ ನೀರು ಯಾರ ಗದ್ದೆಗೂ ಹೋಗುವುದಿಲ್ಲ; ಹಡಗು ಎಷ್ಟು ದಿನ ತೇಲಿದರೂ ಲೆಕ್ಕ ಕೇಳುವವರಿಲ್ಲ. ಪೆರಿಯಾರ್ ನೀರಿಗೆ ಅಡಿ ಅಡಿಯ ಲೆಕ್ಕವಿದೆ. ಅಣೆಕಟ್ಟು ಇರುವುದು ಕೇರಳದಲ್ಲಿ, ಅದನ್ನು ನಡೆಸುವುದು ತಮಿಳುನಾಡು. ಕಟ್ಟಿದಾಗಿನ ಪೂರ್ಣಮಟ್ಟ 152 ಅಡಿ. ಸುರಕ್ಷತೆಯ ಪ್ರಶ್ನೆ ಎದ್ದು 1979ರ ನಂತರ 136 ಅಡಿಗೆ ಇಳಿಸಲಾಯಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ 142 ಅಡಿಯವರೆಗೆ ನಿಲ್ಲಿಸಬಹುದೆಂದು ತೀರ್ಪು ಕೊಟ್ಟಿತು. ಅಣೆಕಟ್ಟಿನ ಕೆಳಗಿರುವ ವಂಡಿಪೆರಿಯಾರ್ ಕಡೆಯವರಿಗೆ ಪ್ರತಿ ಮಳೆಗಾಲ ಭಯ, ಬೆಟ್ಟದ ಈಚೆಯ ಕಂಬಂ ರೈತರಿಗೆ ಪ್ರತಿ ಬೇಸಿಗೆ ಭಯ. ಎರಡೂ ನಿಜವಾದ ಭಯಗಳೇ. ನೀರು 104 ಅಡಿಗೆ ಇಳಿದರೆ ಅದರ ಕೆಳಗಿನದು ಕಣಿವೆಗೆ ಬರುವುದೇ ಇಲ್ಲ. ಅಣೆಕಟ್ಟಿಗೆ ಹೋಗಿಬರುವ ತಮಿಳುನಾಡಿನ ಎಂಜಿನಿಯರುಗಳಿಗೆ ತೇಕ್ಕಡಿಯಲ್ಲೇ ಬೇರೆ ದೋಣಿಗಳಿವೆ, ಅವುಗಳಲ್ಲೊಂದರ ಹೆಸರು 'ಕಣ್ಣಗಿ'. ಗಡಿಯ ಬೆಟ್ಟದ ಮೇಲೆ ಚಿತ್ರಾ ಹುಣ್ಣಿಮೆಯ ಒಂದೇ ದಿನ ಬಾಗಿಲು ತೆರೆಯುವ ಮಂಗಳಾದೇವಿ ಗುಡಿಯಲ್ಲಿ ಕಣ್ಣಗಿಯನ್ನೇ ಪೂಜಿಸುತ್ತಾರೆ.

ಪ್ರವಾಸಿಗರ ಬಯಕೆಗೂ ರೈತರ ಬಯಕೆಗೂ ಇಲ್ಲಿ ನೇರ ಎದುರುಬದುರು. ಫೆಬ್ರುವರಿಯಿಂದ ಮೇ ತನಕ ನೀರು ಇಳಿದು ದಡದಲ್ಲಿ ಕೆಮ್ಮಣ್ಣು ಬಿಚ್ಚಿಕೊಂಡಾಗ, ಎಳೆಹುಲ್ಲು ಚಿಗುರಿದಾಗ ಪ್ರಾಣಿಗಳು ಚೆನ್ನಾಗಿ ಕಾಣುತ್ತವೆ. ಮಾರ್ಗದರ್ಶಕರು ಇದನ್ನೇ ಒಳ್ಳೆಯ ಕಾಲ ಎನ್ನುತ್ತಾರೆ. ಅದೇ ಕೆಮ್ಮಣ್ಣಿನ ಪಟ್ಟಿ ಅಗಲವಾದಷ್ಟೂ ಕಂಬಂನಲ್ಲಿ ಬಿತ್ತನೆಯ ಮಾತು ಮುಂದೆ ಹೋಗುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಜೂನ್ 1ರಂದು ತೂಬು ಎತ್ತುವುದು ವಾಡಿಕೆ. ಆ ದಿನಾಂಕ ಹೇಳಲು ಕಣಿವೆಯ ಯಾವ ರೈತನಿಗೂ ಪಂಚಾಂಗ ಬೇಕಿಲ್ಲ.

ಸರೋವರದ ಮೂಲೆಯೊಂದರಿಂದ ಬೆಟ್ಟದ ಒಡಲು ಕೊರೆದು ಒಂದೂಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಸುರಂಗ ಮಾಡಿದ್ದಾರೆ. ಅದರ ಮೂಲಕ ನೀರು ಮೂಡಣಕ್ಕೆ ಹೊರಳುತ್ತದೆ. 1950ರ ದಶಕದ ಕೊನೆಯಿಂದ ಈ ನೀರು ನಾಲ್ಕು ದೊಡ್ಡ ಕೊಳವೆಗಳಲ್ಲಿ ಬೆಟ್ಟದಿಂದ ಇಳಿದು ಲೋಯರ್ ಕ್ಯಾಂಪಿನಲ್ಲಿ ವಿದ್ಯುತ್ ಹುಟ್ಟಿಸುತ್ತಿದೆ. ಅಲ್ಲಿಂದ ಕಂಬಂ ಕಣಿವೆಯ ಸುಮಾರು 14,700 ಎಕರೆ ಎರಡು ಬೆಳೆಯ ಭತ್ತದ ಗದ್ದೆಗಳನ್ನು ತಣಿಸಿ, ಆಂಡಿಪಟ್ಟಿ ಬಳಿ 1959ರಲ್ಲಿ ಕಾಮರಾಜ್ ಉದ್ಘಾಟಿಸಿದ ವೈಗೈ ಅಣೆಕಟ್ಟು ಸೇರಿ, ಮುಂದೆ ಮದುರೆ, ಶಿವಗಂಗೆ, ರಾಮನಾಥಪುರದವರೆಗೆ ಹೋಗುತ್ತದೆ. ಅರಬ್ಬೀ ಕಡಲಿಗೆ ಹೋಗಬೇಕಿದ್ದ ನೀರು ಬಂಗಾಳ ಕೊಲ್ಲಿಯ ಸೀಮೆಯಲ್ಲಿ ಅನ್ನವಾಗುತ್ತದೆ. ಕಂಬಂ ಸುತ್ತಿನ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿತು. ವರ್ಷದ ಎಲ್ಲ ಕಾಲದಲ್ಲೂ ಕೊಯ್ಲು ಆಗುವ ದ್ರಾಕ್ಷಿ ಅದು. ಬೆಳ್ಳಂಬೆಳಗ್ಗೆ ಪ್ರವಾಸಿಗರ ಕಾರುಗಳು ಕುಮಳಿ ಘಾಟಿ ಹತ್ತುವ ಹೊತ್ತಿಗೆ ಕಣಿವೆಯ ಹೆಣ್ಣುಮಕ್ಕಳು ಜೀಪುಗಳಲ್ಲಿ ಒತ್ತೊತ್ತಾಗಿ ಕೂತು ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುತ್ತಿರುತ್ತಾರೆ.

ಈ ನೀರುಂಡು ಬದುಕುವವರಲ್ಲಿ ಕನ್ನಡದ ಮನೆಗಳೂ ಇವೆ. ಕಂಬಂ ಕಣಿವೆಯ ಕಾಪ್ಪಿಲಿಯರು, ತಮ್ಮನ್ನು ಒಕ್ಕಲಿಗ ಗೌಡರೆಂದು ಕರೆದುಕೊಳ್ಳುವವರು, ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ಇಳಿದು ಬಂದ ಬೇಸಾಯಗಾರರು. ಬೀದಿಯಲ್ಲಿ ತಮಿಳು, ಒಳಮನೆಯಲ್ಲಿ ಕನ್ನಡ. ಜನಾಂಗಶಾಸ್ತ್ರಜ್ಞ ಥರ್ಸ್ಟನ್ 1909ರ ತನ್ನ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಇವರನ್ನೂ ಇವರ 'ದೇವರು ಆವು' ಎಂಬ ಪವಿತ್ರ ಹಿಂಡನ್ನೂ ಬಣ್ಣಿಸಿದ್ದಾನೆ. ಹಿಂಡಿನ ಪಟ್ಟದ ಹೋರಿ ಸತ್ತರೆ ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಯಾವ ಹೋರಿ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಕಂಬಂನ ನಂದಗೋಪಾಲಸ್ವಾಮಿ ತಂಬಿರಾನ್ ದನದ ಕೊಟ್ಟಿಗೆಗೆ ಈಗಲೂ ಮಾಟ್ಟು ಪೊಂಗಲ್ ದಿನ ಜನ ಹರಿದು ಬರುತ್ತಾರೆ, ಜಾತಿ ಭೇದವಿಲ್ಲದೆ ಹಿಂಡಿಗೆ ಕೈಮುಗಿಯುತ್ತಾರೆ.

ಪೊಂಗಲ್ ಹೊತ್ತಿನಲ್ಲೇ, ಜನವರಿ 15ರಂದು, ಪೆನ್ನಿಕ್ವಿಕ್ ಹುಟ್ಟುಹಬ್ಬವೂ ಬರುತ್ತದೆ. 1841ರಲ್ಲಿ ಪುಣೆಯಲ್ಲಿ ಹುಟ್ಟಿ 1911ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ ಈ ಎಂಜಿನಿಯರ್ ಕಣಿವೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲಿದ್ದಾರೆ. ಅಣೆಕಟ್ಟಿಗಾಗಿ ಸ್ವಂತ ಆಸ್ತಿಯನ್ನೇ ಮಾರಿದರೆಂಬ ನಂಬಿಕೆ ಇಲ್ಲಿ ಗಟ್ಟಿಯಾಗಿದೆ. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಒಪ್ಪದಿದ್ದರೂ ಆ ಕೃತಜ್ಞತೆ ಸುಳ್ಳಾಗುವುದಿಲ್ಲ. ತೇನಿಯ ಬಸ್ ನಿಲ್ದಾಣಕ್ಕೆ ಅವರ ಹೆಸರಿದೆ. ಲೋಯರ್ ಕ್ಯಾಂಪಿನಲ್ಲಿ 2013ರಲ್ಲಿ ತೆರೆದ ಸ್ಮಾರಕ ಮಂಟಪದಲ್ಲಿ ಅವರ ಪ್ರತಿಮೆ ಇದೆ. ಆ ದಿನ ರೈತರು ಅಲ್ಲಿ ಪೊಂಗಲ್ ಬೇಯಿಸುತ್ತಾರೆ.

ಬೆಂಗಳೂರಿನಿಂದ ಹೊರಡುವವರಿಗೆ ಹೊಸೂರು, ಸೇಲಂ, ಕರೂರು ಮೇಲೆ ದಿಂಡಿಗಲ್ ಹಾದಿಯಲ್ಲೇ ಸಿಗುತ್ತದೆ. ಅಲ್ಲಿಂದ ವತ್ತಲಗುಂಡು ಕಡೆ ತಿರುಗಿದರೆ ಕೊಡೈಕೆನಾಲ್, ತೇನಿ ಕಡೆ ತಿರುಗಿದರೆ ತೇಕ್ಕಡಿ. ಬಹಳ ವರ್ಷ ನಿಂತಿದ್ದ ಮದುರೆ ಕಡೆಯ ರೈಲು 2022ರಲ್ಲಿ ತೇನಿಗೂ 2023ರಲ್ಲಿ ಬೋಡಿನಾಯಕನೂರಿಗೂ ಮತ್ತೆ ಬಂದಿದೆ. ಒಂದೇ ದಿನದಲ್ಲಿ ಎರಡೂ ಸರೋವರಗಳನ್ನು ಮುಗಿಸುವ ಯೋಜನೆ ಹಾಕಿಕೊಳ್ಳುವವರು ಎರಡನ್ನೂ ನೋಡಿದಂತಾಗುವುದಿಲ್ಲ. ತೇಕ್ಕಡಿಯ ದೋಣಿ ಇಳಿದ ಕನ್ನಡಿಗರು ಮರಳುವಾಗ ಲೋಯರ್ ಕ್ಯಾಂಪಿನಲ್ಲಿ ಅರ್ಧ ಗಂಟೆ ನಿಲ್ಲಬೇಕು. ಬೆಟ್ಟದ ಮೈಮೇಲೆ ಇಳಿದು ಬರುವ ಆ ನಾಲ್ಕು ಕೊಳವೆಗಳನ್ನು ನೋಡಿ, ಆಮೇಲೆ ಕಂಬಂನ ಕಾಲುವೆ ಬದಿಯ ಯಾವುದಾದರೂ ಗದ್ದೆಯವರನ್ನು ಈ ವರ್ಷ ನೀರು ಎಷ್ಟು ಅಡಿ ಇದೆ ಎಂದು ಕೇಳಿ. ಅವರು ತಡವರಿಸದೆ ಹೇಳುತ್ತಾರೆ. ಒಕ್ಕಲಿಗರ ಮನೆಯಾಗಿದ್ದರೆ ಉತ್ತರ ಕನ್ನಡದಲ್ಲೇ ಬಂದೀತು.